ಸೊಪ್ಪು ಮುಗಿದ ರಾತ್ರಿ: ಮಕ್ಕಳಿಗೆ ಕಥೆಯ ಒಳಗುಟ್ಟು ತೋರಿಸುವುದು ಹೇಗೆ?

ಶಿಡ್ಲಘಟ್ಟದ ಸುತ್ತಮುತ್ತಲ ಹಳ್ಳಿಗಳ ಮಕ್ಕಳಿಗೆ ಕಥೆ ಹೇಳಲು ಯಾರೂ ಕಲಿಸಬೇಕಿಲ್ಲ. ಬಾವಿ ಹತ್ತಿರ ಹಾವು ಕಂಡದ್ದನ್ನು ಕೈಕಾಲು ಆಡಿಸಿ ವರ್ಣಿಸುವ ಹುಡುಗನೇ, "ಪಾತ್ರ ಎಂದರೇನು?" ಎಂದು ಕೇಳಿದರೆ ತಲೆ ತಗ್ಗಿಸುತ್ತಾನೆ. ತಪ್ಪು ಅವನದಲ್ಲ, ನಾವು ಕೇಳುವ ಕ್ರಮದ್ದು. ಶನಿವಾರ ಮಧ್ಯಾಹ್ನ ಪಂಚಾಯಿತಿ ಗ್ರಂಥಾಲಯದಲ್ಲಿ ನಾಲ್ಕರಿಂದ ಏಳನೇ ತರಗತಿಯ ಮಕ್ಕಳ ಜೊತೆ ಕೂರುವ ನಾನೂ ಮೊದಮೊದಲು ವ್ಯಾಖ್ಯೆಗಳನ್ನೇ ಬರೆಸುತ್ತಿದ್ದೆ. ಅದನ್ನು ಬಿಟ್ಟು, ಕಥೆಯಿಂದ ಒಂದೊಂದನ್ನೇ ಕಿತ್ತು ತೋರಿಸತೊಡಗಿದ ಮೇಲೆ ಮಕ್ಕಳೇ ನನಗೆ ವಿವರಿಸುತ್ತಿದ್ದಾರೆ.

ಮೊದಲು ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಕಥೆಯೊಂದು ಬೇಕು. ಮಕ್ಕಳ ಮನೆಯಂಗಳದ್ದೇ ಆದರೆ ಒಳ್ಳೆಯದು. ನಾನು ಕಟ್ಟಿಕೊಂಡದ್ದು ಇದು: ರೇಷ್ಮೆ ಹುಳು ನಾಲ್ಕನೇ, ಅಂದರೆ ಕೊನೆಯ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಬಿಟ್ಟು ಎದ್ದು ಐದು ದಿನವಾಗಿದೆ. ಇನ್ನೆರಡು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಬೇಕು. ಪೇಟೆಗೆ ಹೋದ ಅಪ್ಪ ಅಮ್ಮ ಮಳೆಗೆ ಸಿಕ್ಕಿ ಅಲ್ಲೇ ಉಳಿದಿದ್ದಾರೆ. ಕೊಯ್ದಿಟ್ಟ ಹಿಪ್ಪುನೇರಳೆ ಸೊಪ್ಪು ಮುಗಿದಿದೆ. ತೋಟದ್ದೆಲ್ಲ ನೆಂದಿದೆ, ನೆಂದ ಸೊಪ್ಪು ಹಾಕಿದರೆ ಹುಳುವಿಗೆ ರೋಗ ಬರುತ್ತದೆ. ಪಕ್ಕದ ಮನೆ ಅಜ್ಜಿಯ ಹತ್ತಿರ ನೆನೆಯದ ಸೊಪ್ಪು ಇದೆ, ಆದರೆ ಬದುವಿನ ಜಗಳದಿಂದಾಗಿ ಎರಡು ವರ್ಷದಿಂದ ಎರಡೂ ಮನೆಗೆ ಮಾತಿಲ್ಲ. ಹುಡುಗಿ ಟಾರ್ಚ್ ಹಿಡಿದು ಹೋಗುತ್ತಾಳೆ. ಎತ್ತಿದ ಕೈ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಬಾಗಿಲು ತಟ್ಟುತ್ತಾಳೆ. ಅಜ್ಜಿ ಬಾಗಿಲು ತೆರೆದು ಅವಳನ್ನೇ ನೋಡುತ್ತಾಳೆ. ಕೊನೆಗೆ, "ಎಷ್ಟು ಮೊಟ್ಟೆ ಸಾಕಿದೀರಾ?" ಎನ್ನುತ್ತಾಳೆ. (ಹುಳು ಸಾಕಣೆಯ ಲೆಕ್ಕ ಮೊಟ್ಟೆಯಲ್ಲೇ.)

ಈಗ ಕೀಳುವ ಕೆಲಸ. ಸೊಪ್ಪಿನ ಮಾತೇ ಎತ್ತದೆ ಇನ್ನೊಮ್ಮೆ ಹೇಳಿ: ಹುಡುಗಿ ಮಳೆಯಲ್ಲಿ ಹೋದಳು, ಬಾಗಿಲು ತಟ್ಟಿದಳು. "ಯಾಕೆ ಹೋದ್ಲು ಮಿಸ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪಾತ್ರದ ಪಾಠ ಅಲ್ಲಿಂದ ಶುರುವಾಗಲಿ. ಲಂಗದ ಬಣ್ಣ, ಜಡೆಯ ಉದ್ದ ಆಮೇಲೆ. ಅವಳಿಗೆ ಏನು ಬೇಕು, ಅವಳಿಗೆ ಯಾವುದರ ಭಯ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಪಾತ್ರ ಎದ್ದು ನಿಲ್ಲುತ್ತದೆ.

ಮುಂದಿನ ಸಲ ಜಗಳವನ್ನು ತೆಗೆದುಬಿಡಿ. ಎರಡೂ ಮನೆಯವರು ಅನ್ಯೋನ್ಯವಾಗಿದ್ದರು, ಹುಡುಗಿ ಹೋದಳು, ಸೊಪ್ಪು ತಂದಳು, ಹಾಕಿದಳು. ಒಮ್ಮೆ ಹೀಗೆ ಹೇಳಿ ನಿಲ್ಲಿಸಿದಾಗ ಐದನೇ ತರಗತಿಯ ಹುಡುಗನೊಬ್ಬ "ಆಮೇಲೆ?" ಎಂದ. ಅಷ್ಟೇ ಎಂದೆ. "ಇದು ಕಥೆ ಅಲ್ಲ ಮಿಸ್, ಕೆಲಸ" ಎಂದ. ಸಂಘರ್ಷ ಎಂಬ ಪದವನ್ನು ನಾನು ಬೋರ್ಡಿನ ಮೇಲೆ ಬರೆದದ್ದು ಅವನು ಹಾಗೆಂದ ಮೇಲೆ. ಪದ ಯಾವಾಗಲೂ ಹೀಗೆ ಅನುಭವದ ಹಿಂದೆ ಬರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಸಂಘರ್ಷ ಎಂದರೆ ಹೊಡೆದಾಟ ಎಂದು ಮಕ್ಕಳು ತಿಳಿಯುವುದುಂಟು. ಬಾಗಿಲ ಮುಂದೆ ಎತ್ತಿದ ಕೈ ಒಂದು ಕ್ಷಣ ತಟ್ಟದೆ ನಿಂತಿತಲ್ಲ, ಅಲ್ಲೂ ಅದಿದೆ ಎಂದು ತೋರಿಸಿ.

ಮಳೆ ತೆಗೆದರೆ? ತೋಟಕ್ಕೆ ಹೋಗಿ ಕೊಯ್ದು ತರುತ್ತಾಳೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಜಾಗ, ಕಾಲ, ಹವೆ ಬರೀ ಹಿನ್ನೆಲೆಯ ಪರದೆಯಲ್ಲ ಎಂಬುದು ಆಗ ಗೊತ್ತಾಗುತ್ತದೆ. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಈ ಕೊನೆಯ ಹಂತದ್ದೇ. ಅದಕ್ಕೇ ಆ ರಾತ್ರಿ ಅಷ್ಟು ಆತುರ. ಇಷ್ಟಾದ ಮೇಲೆ ಕಣ್ಣು ಮುಚ್ಚಿಸಿ, ಹುಳು ಮನೆಯಲ್ಲಿ ಏನು ಕೇಳಿಸುತ್ತದೆ ಎಂದು ಕೇಳಿ. ಸಾವಿರಾರು ಹುಳುಗಳು ಒಟ್ಟಿಗೆ ಸೊಪ್ಪು ಕಡಿಯುವ ಸದ್ದು ತುಂತುರು ಮಳೆಯಂತೆಯೇ ಇರುತ್ತದೆ. ಒಬ್ಬಳು ಹುಡುಗಿ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಸೊಪ್ಪು ಮುಗಿದಾಗ ಒಳಗಿನ ಮಳೆ ನಿಂತೋಯ್ತು, ಹೊರಗಿನದು ನಿಲ್ಲಲಿಲ್ಲ." ನನ್ನ ಕಥೆಯಲ್ಲಿ ಆ ಸಾಲು ಇರಲಿಲ್ಲ. ಈಗ ಇದೆ.

ಕಥೆಯ ನಡೆಗೆ ಚೀಟಿಯಾಟ ಸಾಕು. ಒಂದೊಂದು ಘಟನೆಯನ್ನು ಒಂದೊಂದು ಚೀಟಿಯಲ್ಲಿ ಬರೆದು ಕಲಸಿ, ಮಕ್ಕಳಿಂದ ಜೋಡಿಸಿ. ಎರಡು ಚೀಟಿಗಳ ನಡುವೆ 'ಅದಕ್ಕೆ' ಅಥವಾ 'ಆದರೆ' ಕೂರಬೇಕು. ಬರೀ 'ಆಮೇಲೆ' ಮಾತ್ರ ಕೂರುತ್ತದೆಂದರೆ ಆ ಕೊಂಡಿ ಸಡಿಲ.

ಮಾತಿಗೆ ಹೆಚ್ಚು ಹೊತ್ತು ಕೊಡಿ. ಅಜ್ಜಿ "ಸೊಪ್ಪು ಕೊಡುತ್ತೇನೆ, ಜಗಳ ಮರೆಯೋಣ" ಎಂದಿದ್ದರೆ ಹೇಗಿರುತ್ತಿತ್ತು ಎಂದು ಕೇಳಿ. ರೇಷ್ಮೆ ಮನೆಗಳ ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ: ಎಷ್ಟು ಮೊಟ್ಟೆ ಎಂದು ಕೇಳಿದವಳು ಎಷ್ಟು ಹೊರೆ ಸೊಪ್ಪು ಬೇಕಾದೀತು ಎಂದು ಆಗಲೇ ಲೆಕ್ಕ ಹಾಕುತ್ತಿದ್ದಾಳೆ.

ಇನ್ನು, ಕಥೆಯನ್ನು ಯಾರು ಹೇಳುತ್ತಿದ್ದಾರೆ? ಅಜ್ಜಿಯ ಬಾಯಲ್ಲಿ ಹೇಳಿಸಿ ನೋಡಿ. ಬಾಗಿಲಾಚೆ ಯಾರಿದ್ದಾರೆಂದು ಅವಳಿಗೆ ಗೊತ್ತಿಲ್ಲ. ಆದರೆ ಹುಡುಗಿಗೆ ಗೊತ್ತಿಲ್ಲದ ತನ್ನ ಎರಡು ವರ್ಷದ ಒಂಟಿತನ ಅಜ್ಜಿಗೆ ಗೊತ್ತು. ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ ಎಷ್ಟೋ ಸಣ್ಣಕಥೆಗಳಲ್ಲಿ ಒಬ್ಬರು ಎದುರಿಗೆ ಕೂತು ಹೇಳುತ್ತಿರುವಂತೆಯೇ ಕೇಳಿಸುತ್ತದೆ. ಒಂದನ್ನು ಜೋರಾಗಿ ಓದಿಸಿ, ಹೇಳುವವನು ಯಾರೆಂದು ಮಕ್ಕಳೇ ಹುಡುಕಲಿ.

ಆಶಯದ ವಿಷಯದಲ್ಲಿ ಒಂದು ಬೇಡಿಕೆ: "ಇದರ ನೀತಿ ಏನು?" ಎಂದು ದಯವಿಟ್ಟು ಕೇಳಬೇಡಿ. ಕೇಳಿದ ಕೂಡಲೇ "ಎಲ್ಲರೂ ಒಗ್ಗಟ್ಟಾಗಿರಬೇಕು" ಎಂಬ ಉತ್ತರ ಬರುತ್ತದೆ, ಹುಡುಗಿಯೂ ಅಜ್ಜಿಯೂ ಮರೆತುಹೋಗುತ್ತಾರೆ. "ನಿಮ್ಮ ಮನೆಯವರು ಯಾರ ಜೊತೆ ಮಾತು ಬಿಟ್ಟಿದ್ದಾರೆ?" ಎಂದು ಕೇಳಿ, ಅವರು ಉತ್ತರಿಸುವವರೆಗೆ ಸುಮ್ಮನಿರಿ.

ಕೊನೆಗೆ ಅರ್ಧ ಪುಟ ಬರೆಸಿ. ಕಾಗುಣಿತ ತಿದ್ದುವುದು ಮುಂದಿನ ವಾರಕ್ಕಿರಲಿ; ಈ ವಾರ ಒಂದೇ ಪ್ರಶ್ನೆಯನ್ನು ಅಂಚಿನಲ್ಲಿ ಬರೆದು ಕೊಡಿ. ನಮ್ಮ ಕಡೆ ಅನೇಕ ಮನೆಗಳ ಮಾತು ತೆಲುಗು. ಒಬ್ಬ ಹುಡುಗ ತನ್ನ ಕಥೆಯನ್ನೆಲ್ಲ ಕನ್ನಡದಲ್ಲಿ ಬರೆದು, ಅಜ್ಜಿ ಬಾಗಿಲು ತೆರೆದ ಕಡೆ ಮಾತ್ರ "ಎನ್ನಿ ಗುಡ್ಲಮ್ಮಾ?" (ಎಷ್ಟು ಮೊಟ್ಟೆಯಮ್ಮಾ?) ಎಂದು ಬರೆದಿದ್ದ. ತಿದ್ದಲು ಕೆಂಪು ಪೆನ್ನು ಹಿಡಿದವಳು, ಓದಿ, ಪೆನ್ನಿನ ಮುಚ್ಚಳ ಹಾಕಿದೆ.