ಹುಬ್ಬಳ್ಳಿ ತಲುಪುವ ಹೊತ್ತಿಗೆ ಸೊಂಟ ಹಿಡಿಯಬಾರದು ಅಂದ್ರೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ 400 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಎನ್‌ಎಚ್ 48 ಹಿಡಿದರೆ ಆರೇಳು ಗಂಟೆಯ ದಾರಿ. ಆದರೂ ಚಿತ್ರದುರ್ಗ ಬರುವಷ್ಟರಲ್ಲಿ ಗಾಡಿ ಓಡಿಸುವವರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಲು ಶುರು ಮಾಡುತ್ತಾರೆ. ಹಿಂದೆ ಕೂತವರು ಕಾಲು ಎಲ್ಲಿಡೋದು ಅಂತ ಒದ್ದಾಡುತ್ತಾರೆ. ಊರು ಮುಟ್ಟಿದ ಮೇಲೆ ಸೊಂಟ ಹಿಡಿದುಕೊಂಡು ಇಳಿಯೋದು, ವಾಪಸ್ ಬಂದ ಮೇಲೆ ಮೊಬೈಲ್ ತೆಗೆದು ಒಂದು ಕುಶನ್ ಆರ್ಡರ್ ಮಾಡೋದು. ಸುಮಾರು ಮನೆಗಳಲ್ಲಿ ಹೀಗೇ ತಾನೇ?

ಕುಶನ್ ಬೇಡ ಅಂತಲ್ಲ. ಆದರೆ ಅದು ಕೊನೆಗೆ ಯೋಚನೆ ಮಾಡಬೇಕಾದದ್ದು. ಸೀಟಿನಲ್ಲಿ ಈಗಾಗಲೇ ಇರುವ ಲಿವರ್‌ಗಳನ್ನು ಸರಿಯಾಗಿ ಬಳಸಿದರೆ ಅರ್ಧಕ್ಕಿಂತ ಜಾಸ್ತಿ ತೊಂದರೆ ಅಲ್ಲೇ ಮುಗಿಯುತ್ತದೆ. ಕಾರು ತಗೊಂಡು ವರ್ಷಗಟ್ಟಲೆ ಆದರೂ ಸೀಟಿನ ಎತ್ತರದ ಲಿವರ್ ಮುಟ್ಟಿಯೇ ಇಲ್ಲದವರು ಬೇಕಾದಷ್ಟು ಜನ ಇದ್ದಾರೆ. ಹೊರಡುವ ಹಿಂದಿನ ದಿನ ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಬೆಳಗ್ಗೆ ಐದು ಗಂಟೆಗೆ ಲಗೇಜ್ ತುಂಬುವ ಗಡಿಬಿಡಿಯಲ್ಲಿ ಇದು ಆಗುವ ಕೆಲಸವಲ್ಲ.

ಮೊದಲು ಜೇಬು ಖಾಲಿ ಮಾಡಿ

ಹಿಂದಿನ ಜೇಬಿನ ಪರ್ಸು, ಮೊಬೈಲು ಎರಡೂ ಹೊರಗೆ ಬರಲಿ. ಒಂದು ಕಡೆ ಪರ್ಸು ಇಟ್ಟುಕೊಂಡು ಕೂತರೆ ಸೊಂಟ ಆ ಕಡೆ ಎತ್ತರವಾಗುತ್ತದೆ, ಬೆನ್ನು ಇನ್ನೊಂದು ಕಡೆಗೆ ವಾಲುತ್ತದೆ, ಪೃಷ್ಠದೊಳಗೆ ಹಾದುಹೋಗುವ ನರದ ಮೇಲೆ ಒತ್ತಡ ಬಿದ್ದು ಕಾಲಿನ ತನಕ ಜೋಮು ಹಿಡಿಯಬಹುದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಈಗ ಕೂತು, ಕುಂಡಿಯನ್ನು ಸೀಟಿನ ಮೂಲೆಗೆ ತಾಗುವ ತನಕ ಹಿಂದಕ್ಕೆ ಸರಿಸಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ನಾವು ನಿಂತಾಗ ಬೆನ್ನಿನ ಕೆಳಭಾಗ ಸ್ವಲ್ಪ ಒಳಕ್ಕೆ ಬಾಗಿರುತ್ತದೆ. ಜಾರಿಕೊಂಡು ಕೂತಾಗ ಆ ಬಾಗು ಹೋಗಿ ಬೆನ್ನು ಹೊರಕ್ಕೆ ಗೂನು ಬೀಳುತ್ತದೆ, ಭಾರವೆಲ್ಲ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳ ಮೇಲೆ ಬೀಳುತ್ತದೆ. ಅದರ ಮೇಲೆ ರಸ್ತೆಯ ಅದುರು ಬೇರೆ. ಕೂತಿರುವ ಮನುಷ್ಯನ ಮೈಯನ್ನು ಅತಿ ಹೆಚ್ಚು ಕುಲುಕುವುದು ಸೆಕೆಂಡಿಗೆ ನಾಲ್ಕೈದು ಸಲ ಮೇಲೆ ಕೆಳಗೆ ಆಗುವ ನಿಧಾನದ ಅದುರು, ಕಾರಿನಲ್ಲಿ ಸಿಗುವುದೂ ಬಹುಮಟ್ಟಿಗೆ ಅಂಥದ್ದೇ. ಹಾಗಾಗಿ ಬೆನ್ನಿಗೆ ಹಿಂದಿನಿಂದ ಆಸರೆ ಇಲ್ಲದಿದ್ದರೆ ಸೊಂಟದ ಸ್ನಾಯುಗಳು ದಾರಿಯುದ್ದಕ್ಕೂ ಬಿಗಿಹಿಡಿದು ಕೆಲಸ ಮಾಡುತ್ತಲೇ ಇರಬೇಕಾಗುತ್ತದೆ.

ಲಿವರ್‌ಗಳ ಸರದಿ

ಗೇರ್ ಇರುವ ಕಾರಾದರೆ ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದು ಸೀಟನ್ನು ಮುಂದಕ್ಕೆ ಹಿಂದಕ್ಕೆ ಸರಿಸಿ. ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಕಾಲು ನೆಟ್ಟಗಾಯಿತು ಅಂದರೆ ಪ್ರತಿ ಸಲ ಕ್ಲಚ್ ಒತ್ತುವಾಗ ಸೊಂಟವೂ ಜೊತೆಗೆ ಎಳೆಯುತ್ತದೆ. ಪೀಣ್ಯದಿಂದ ನೆಲಮಂಗಲ ದಾಟುವ ತನಕದ ಟ್ರಾಫಿಕ್‌ನಲ್ಲೇ ಎಷ್ಟು ಸಲ ಒತ್ತುತ್ತೀರಿ ಲೆಕ್ಕ ಹಾಕಿ. ಆಟೊಮ್ಯಾಟಿಕ್ ಇದ್ದರೆ ಬ್ರೇಕ್ ಒತ್ತಿ ನೋಡಿ. ಹೈವೇ ಸಿಕ್ಕ ಮೇಲೆ ಎಡಗಾಲನ್ನು ಕ್ಲಚ್ ಮೇಲೆ ಇಟ್ಟುಕೊಂಡೇ ಹೋಗಬೇಡಿ, ಪಕ್ಕದಲ್ಲಿ ಡೆಡ್ ಪೆಡಲ್ (ಎಡಗಾಲು ಊರಲೆಂದೇ ಇರುವ ಪಟ್ಟಿ) ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ನೆಲದ ಮೇಲೆ ಊರಿ. ಕಾಲಿಗೂ ಒಳ್ಳೆಯದು, ಕ್ಲಚ್ ಪ್ಲೇಟಿಗೂ ಒಳ್ಳೆಯದು.

ಆಮೇಲೆ ಎತ್ತರ. ತಲೆಗೂ ರೂಫಿಗೂ ನಡುವೆ ಒಂದು ಮುಷ್ಟಿಯಷ್ಟು ಜಾಗ ಬಿಟ್ಟು, ಸೊಂಟ ಮಂಡಿಯ ಮಟ್ಟಕ್ಕೆ ಅಥವಾ ಕೂದಲೆಳೆ ಮೇಲೆ ಇರುವ ಹಾಗೆ ಸೀಟು ಎತ್ತಿ. ಮಂಡಿ ಎದೆಗೆ ಬರುವ ಹಾಗೆ ತಗ್ಗಿನಲ್ಲಿ ಕೂರುವವರಿಗೇ ಸೊಂಟ ಬೇಗ ಹಿಡಿಯುವುದು. ಮಂಡಿಯ ಹಿಂಬದಿಗೂ ಸೀಟಿನ ಅಂಚಿಗೂ ಎರಡು ಮೂರು ಬೆರಳು ತೂರುವಷ್ಟು ಸಂದು ಇರಲಿ, ಇಲ್ಲದಿದ್ದರೆ ಅಂಚು ಒತ್ತಿ ಪಾದ ಜೋಮು ಹಿಡಿಯುತ್ತದೆ.

ಬೆನ್ನಿನ ಭಾಗವನ್ನು ಪೂರ್ತಿ ನೆಟ್ಟಗೂ ಮಾಡಬೇಡಿ, ಈಜಿಚೇರ್ ಥರ ಮಲಗಿಸಲೂ ಬೇಡಿ. 90 ಡಿಗ್ರಿಗಿಂತ ಸ್ವಲ್ಪ ಹಿಂದೆ, 100ರಿಂದ 110ರ ನಡುವೆ ಎಲ್ಲೋ ನಿಮ್ಮ ಬೆನ್ನಿಗೆ ಹಿತ ಅನಿಸುವ ಜಾಗ ಸಿಗುತ್ತದೆ. ಜಾಸ್ತಿ ಮಲಗಿಸಿದರೆ ರಸ್ತೆ ನೋಡಲು ಕುತ್ತಿಗೆ ಮುಂದೆ ಚಾಚಬೇಕಾಗುತ್ತದೆ, ಎರಡು ಗಂಟೆ ಹಾಗೆ ಓಡಿಸಿದರೆ ತಲೆನೋವು ಗ್ಯಾರಂಟಿ. ಸರಿಯಾಗಿದೆಯಾ ಅಂತ ನೋಡಲು ಭುಜವನ್ನು ಸೀಟಿನಿಂದ ಏಳಿಸದೆ ಕೈ ಚಾಚಿ. ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿ ಮೇಲೆ ಕೂರಬೇಕು. ಎದೆಗೂ ಸ್ಟೀರಿಂಗಿಗೂ ನಡುವೆ 25 ಸೆಂಟಿಮೀಟರ್ ಆದರೂ ಇರಲಿ, ಅದು ಏರ್‌ಬ್ಯಾಗಿಗೆ ಬೇಕಾದ ಜಾಗ.

ಹೆಡ್‌ರೆಸ್ಟ್ ದಿಂಬಲ್ಲ. ಹಿಂದಿನಿಂದ ಯಾರಾದರೂ ಗುದ್ದಿದಾಗ ಕುತ್ತಿಗೆ ಉಳಿಸುವ ವಸ್ತು ಅದು. ಅದರ ಮೇಲ್ತುದಿ ನೆತ್ತಿಯ ಮಟ್ಟಕ್ಕೆ ಬರುವ ಹಾಗೆ ಎತ್ತಿ, ತಲೆಗೆ ಹತ್ತಿರ ಇರಲಿ.

ಕೊನೆಗೆ ಒಳಗಿನ ಕನ್ನಡಿ. ನೆಟ್ಟಗೆ, ಸರಿಯಾಗಿ ಕೂತು ಅದನ್ನು ಹೊಂದಿಸಿ. ಶಿರಾ ದಾಟಿದ ಮೇಲೆ ಹಿಂದಿನ ಗಾಜು ಪೂರ್ತಿ ಕಾಣಿಸುತ್ತಿಲ್ಲ ಅನಿಸಿದರೆ ಕನ್ನಡಿ ಮುಟ್ಟಬೇಡಿ. ನೀವು ಜಾರಿದ್ದೀರಿ, ಮೇಲೆ ಸರಿದು ಕೂರಿ.

ಮನೆಯಲ್ಲಿ ಇಬ್ಬರು ಓಡಿಸುವವರಿದ್ದರೆ ಸೀಟು ಸರಿಸುವಾಗ ಬರುವ ಟಕ್ ಟಕ್ ಸದ್ದು ಎಣಿಸಿ ನೆನಪಿಟ್ಟುಕೊಳ್ಳಿ. ದಾರಿಯಲ್ಲಿ ಡ್ರೈವರ್ ಬದಲಾದಾಗ ಮತ್ತೆ ಮೊದಲಿನಿಂದ ಹುಡುಕುವ ತಾಪತ್ರಯ ಇರುವುದಿಲ್ಲ.

ಒಂದು ಟವೆಲ್ ಸಾಕು

ನಮ್ಮ ಸಣ್ಣ ಕಾರುಗಳಲ್ಲಿ ಬಹುತೇಕ ಯಾವುದಕ್ಕೂ ಸೊಂಟದ ಆಸರೆ ಹೊಂದಿಸುವ ಲಿವರ್ ಇರುವುದಿಲ್ಲ. ಅದರ ಕೆಲಸವನ್ನು ಸ್ನಾನದ ಟವೆಲ್ ಮಾಡುತ್ತದೆ. ಟವೆಲನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ, ಬಿಗಿಯಾಗಿ ಸುತ್ತಿ, ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ. ಮುಂಗೈಯಷ್ಟು ದಪ್ಪ ಇದ್ದರೆ ಸಾಕು. ಇದು ಕೂರಬೇಕಾದ ಜಾಗ ಬೆಲ್ಟ್ ಕಟ್ಟುವ ಮಟ್ಟ, ಅಥವಾ ಅದಕ್ಕಿಂತ ಎರಡು ಬೆರಳು ಮೇಲೆ. ಸುಮಾರು ಜನ ಬೆನ್ನಿನ ನಡುವೆ ಇಟ್ಟುಕೊಳ್ಳುತ್ತಾರೆ, ಆಗ ಅದು ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ ಅಷ್ಟೇ, ಸೊಂಟಕ್ಕೆ ಏನೂ ಸಿಗುವುದಿಲ್ಲ.

ಇಟ್ಟುಕೊಂಡು ತರಕಾರಿ ತರುವ ನೆಪದಲ್ಲಿ ಇಪ್ಪತ್ತು ನಿಮಿಷ ಗಾಡಿ ಓಡಿಸಿ ಬನ್ನಿ. ಟವೆಲ್ ಇದೆ ಅನ್ನೋದೇ ಮರೆತುಹೋದರೆ ಸರಿಯಾಗಿದೆ. ಚುಚ್ಚುತ್ತಿದೆ, ತಳ್ಳುತ್ತಿದೆ ಅನಿಸಿದರೆ ಒಂದು ಸುತ್ತು ಬಿಚ್ಚಿ. ಟವೆಲಿನ ಅನುಕೂಲವೇ ಅದು, ದಪ್ಪ ನಿಮ್ಮ ಕೈಯಲ್ಲಿದೆ. ಅಂಗಡಿಯಲ್ಲಿ ಸಿಗುವ ಲಂಬಾರ್ ಕುಶನ್, ಅಂದರೆ ಸೊಂಟದ ಹಿಂದೆ ಇಡುವ ಕುಶನ್‌ಗಳಲ್ಲಿ ಎಷ್ಟೋ ವಿಪರೀತ ದಪ್ಪ, ಮೊದಲೇ ಒಳಕ್ಕೆ ಬಾಗಿರುವ ಸೀಟಿಗೆ ಅದನ್ನೂ ಇಟ್ಟರೆ ಡ್ರೈವರ್ ಸ್ಟೀರಿಂಗಿಗೆ ಅಂಟಿಕೊಂಡ ಹಾಗೆ ಕೂರಬೇಕು. ಎರಡು ಗಂಟೆಗೊಮ್ಮೆ ಟವೆಲ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಟ್ಟುಕೊಳ್ಳಿ. ಎಷ್ಟೇ ಒಳ್ಳೆಯ ಭಂಗಿಯಾದರೂ ಗಂಟೆಗಟ್ಟಲೆ ಒಂದೇ ಥರ ಕೂತರೆ ನೋವು ಬಂದೇ ಬರುತ್ತದೆ.

ಕೊಳ್ಳಲೇಬೇಕು ಅನಿಸಿದರೆ

ಕೆಳಗೆ ಹಾಕುವ ಕುಶನ್ ತೆಳ್ಳಗಿರಲಿ. ದಪ್ಪ ಕುಶನ್ ಹಾಕಿದ ಕೂಡಲೇ ಎತ್ತರ ಬದಲಾಗುತ್ತದೆ, ತೊಡೆ ಸ್ಟೀರಿಂಗಿಗೆ ತಾಗುತ್ತದೆ, ಮೇಲೆ ಹೇಳಿದ ಹೊಂದಾಣಿಕೆಯನ್ನೆಲ್ಲ ಮತ್ತೆ ಮಾಡಬೇಕು. ಅದಕ್ಕಿಂತ ಮುಖ್ಯ, ಸೀಟ್ ಬೆಲ್ಟ್ ಸೊಂಟದ ಮೂಳೆಯ ಮೇಲೆ ಕೂರುವ ಬದಲು ಹೊಟ್ಟೆ ಮೇಲೆ ಬಂದರೆ ಅಪಾಯ. ಮೆಮೊರಿ ಫೋಮ್ ಚಳಿಯಲ್ಲಿ ಗಟ್ಟಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಪಿಚಕ್ ಅಂತ ಕುಸಿಯುತ್ತದೆ. ಹಿಂದೆ ಯು ಆಕಾರದಲ್ಲಿ ಕತ್ತರಿಸಿದ ಕುಶನ್ ಬಾಲದ ಮೂಳೆ ನೋವಿದ್ದವರಿಗೆ ನಿಜವಾಗಿ ಉಪಯೋಗ, ಉಳಿದವರಿಗೆ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ಮರದ ಮಣಿಯ ಹಾಸು ಬೆನ್ನಿಗೆ ಗಾಳಿಯಾಡಲು ಒಳ್ಳೆಯದು, ಟ್ಯಾಕ್ಸಿಯವರು ಸುಮ್ನೆ ಹಾಕಿಕೊಳ್ಳುವುದಿಲ್ಲ, ಆದರೆ ಸೊಂಟಕ್ಕೆ ಆಸರೆ ಕೊಡುವುದಿಲ್ಲ.

ರೆಕ್ಸಿನ್ ಕವರ್ ಹಾಕಿಸಿದ್ದೀರಾ? ನೋಡಲು ಚಂದ, ಒರೆಸಿದರೆ ಕ್ಲೀನ್, ಆದರೆ ಏಪ್ರಿಲ್‌ನಲ್ಲಿ ಹಿರಿಯೂರು ಬರುವಷ್ಟರಲ್ಲಿ ಶರ್ಟು ಬೆನ್ನಿಗೆ ಅಂಟಿರುತ್ತದೆ. ಮೇಲೊಂದು ಹತ್ತಿ ಬಟ್ಟೆ ಹಾಸಿದರೆ ಮುಗಿಯಿತು. ಕವರ್ ಹಾಕಿಸುವ ಮುಂಚೆ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಬರೆದ ಸಣ್ಣ ಚೀಟಿ ಇದೆಯಾ ನೋಡಿ. ಇದ್ದರೆ ಆ ಜಾಗ ಮುಚ್ಚುವ ಮಾಮೂಲಿ ಕವರ್ ಬೇಡವೇ ಬೇಡ, ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಡ್ಡಿಯಾಗುತ್ತದೆ.

ಇನ್ನೊಂದು ಮಾತು. ಸೀಟು ಎಷ್ಟೇ ಮೆತ್ತಗಿದ್ದರೂ ಟೈರಿನಲ್ಲಿ ಗಾಳಿ ಜಾಸ್ತಿಯಾದರೆ ಸೇತುವೆಯ ಪ್ರತಿ ಜಾಯಿಂಟೂ ಬೆನ್ನಿಗೇ ಬಂದು ಬಡಿಯುತ್ತದೆ. ಬಂಕ್‌ನಲ್ಲಿ ಗಾಳಿ ಹಾಕುವ ಹುಡುಗ ಒಂದೇ ಲೆಕ್ಕದಲ್ಲಿ ಎಲ್ಲರಿಗೂ ತುಂಬುತ್ತಾನೆ. ಡ್ರೈವರ್ ಬಾಗಿಲು ತೆರೆದರೆ ಬಾಗಿಲ ಪಕ್ಕದ ಕಂಬದ ಮೇಲೆ ಗಾಳಿ ಎಷ್ಟಿರಬೇಕು ಅಂತ ಬರೆದ ಸ್ಟಿಕ್ಕರ್ ಸಿಗುತ್ತದೆ. ಕೆಲವು ಕಾರುಗಳಲ್ಲಿ ಇಬ್ಬರಿದ್ದರೆ ಎಷ್ಟು, ಫುಲ್ ಲೋಡ್ ಇದ್ದರೆ ಎಷ್ಟು ಅಂತ ಬೇರೆ ಬೇರೆ ಇರುತ್ತದೆ. ಟೈರ್ ತಣ್ಣಗಿರುವಾಗ ಆ ಲೆಕ್ಕಕ್ಕೆ ತುಂಬಿಸಿ. ಮೆತ್ತಗಾಗಲಿ ಅಂತ ಅದಕ್ಕಿಂತ ಕಡಿಮೆ ಮಾಡಬೇಡಿ, ಟೈರ್ ಬಿಸಿಯಾಗಿ ಒಡೆಯಬಹುದು.

ಹಿಂದೆ ಕೂತವರ ಪಾಡು

ಡ್ರೈವರಿಗಾದರೂ ಲಿವರ್‌ಗಳಿವೆ, ಹಿಂದೆ ಕೂತ ಅಮ್ಮನಿಗೆ ಏನಿದೆ? ಪಾದ ನೆಲಕ್ಕೆ ಪೂರ್ತಿ ತಾಗದವರ ಕಾಲಡಿಗೆ ಗಟ್ಟಿಯಾದ ಬ್ಯಾಗ್ ಇಡಿ, ಬಟ್ಟೆ ತುಂಬಿದ ಪ್ರಯಾಣದ ಬ್ಯಾಗ್ ಇದಕ್ಕೆ ಚೆನ್ನಾಗಿದೆ. ಅದು ಹಿಂದಿನ ಸೀಟಿನ ಕಾಲಡಿಗೆ ಮಾತ್ರ, ಡ್ರೈವರ್ ಕಾಲ ಬಳಿ ಏನೂ ಉರುಳಾಡಬಾರದು. ಮಂಡಿನೋವು ಇರುವವರು ಮೊದಲು ಸೀಟಿನ ಮೇಲೆ ಪಕ್ಕಕ್ಕೆ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಗೊಳ್ಳಲಿ. ಒಂದು ಕಾಲು ಒಳಗೆ, ಒಂದು ಹೊರಗೆ ಇಟ್ಟು ತಿರುಗುವಾಗಲೇ ಮಂಡಿ, ಸೊಂಟ ಎರಡೂ ತಿರುಚುವುದು. ಮೂವರು ಕೂತಿದ್ದರೆ ನಡುವಿನ ಜಾಗಕ್ಕೆ ಪ್ರತಿ ನಿಲುಗಡೆಯಲ್ಲೂ ಪಾಳಿ ಬದಲಾಗಲಿ. 'ಚಿಕ್ಕವನು ನೀನು ಕೂತ್ಕೋ' ಅಂತ ಇಡೀ ದಾರಿ ಒಬ್ಬನನ್ನೇ ಅಲ್ಲಿ ಕೂರಿಸುವುದು ಅನ್ಯಾಯ.

ಬೆಳಗಿನ ಬಿಸಿಲು ಈ ದಾರಿಯಲ್ಲಿ ಬಲಗಡೆ, ಮಧ್ಯಾಹ್ನದ ಮೇಲೆ ಎಡಗಡೆ. ಹಿರಿಯರನ್ನು ಎಲ್ಲಿ ಕೂರಿಸುವುದು ಅಂತ ಅದನ್ನು ನೋಡಿ ತೀರ್ಮಾನಿಸಿ.

ಬೆಲ್ಟ್ ಹಿಂದೆಯೂ ಕಡ್ಡಾಯ, ಇಲ್ಲದಿದ್ದರೆ ದಂಡ 1,000 ರೂಪಾಯಿ. 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದರು. ಪಟ್ಟಿ ಕುತ್ತಿಗೆಗೆ ಉಜ್ಜುತ್ತದೆ ಅಂತ ಬೇಡ ಅನ್ನುವವರಿಗೆ ಅಲ್ಲೊಂದು ತೆಳು ಕರ್ಚೀಫ್ ಸುತ್ತಿ ಕೊಡಿ. ಗರ್ಭಿಣಿಯರು ಕೆಳಗಿನ ಪಟ್ಟಿಯನ್ನು ಹೊಟ್ಟೆಯ ಕೆಳಗೆ, ಸೊಂಟದ ಮೂಳೆ ಮೇಲೆ ಹಾಕಿಕೊಳ್ಳಬೇಕು. ಮುಂದಿನ ಎಡಸೀಟಿನವರು ಪೂರ್ತಿ ಒರಗಿ ನಿದ್ದೆ ಮಾಡುವುದು, ಡ್ಯಾಶ್‌ಬೋರ್ಡ್ ಮೇಲೆ ಕಾಲು ಚಾಚುವುದು ಎರಡೂ ಬೇಡ. ಮೊದಲನೆಯದರಲ್ಲಿ ಬ್ರೇಕ್ ಬಿದ್ದಾಗ ಬೆಲ್ಟಿನ ಅಡಿಯಿಂದ ಜಾರುತ್ತಾರೆ, ಎರಡನೆಯದರಲ್ಲಿ ಏರ್‌ಬ್ಯಾಗ್ ಬಿಚ್ಚಿದರೆ ಕಾಲು ಮುರಿಯುತ್ತದೆ.

ಇಳಿಯಿರಿ, ನಡೆಯಿರಿ

ಎರಡು ಗಂಟೆಗೊಮ್ಮೆ ನಿಲ್ಲಿಸಿ. ಶಿರಾ, ಚಿತ್ರದುರ್ಗ, ರಾಣೆಬೆನ್ನೂರು ಅಂತ ಮೊದಲೇ ಅಂದುಕೊಂಡರೆ ಸರಿ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಬೇಕೇ ಬೇಕು ಅನ್ನುವವರು ಲೆಕ್ಕ ಬದಲಿಸಿಕೊಳ್ಳಬಹುದು. ಹೋಟೆಲಿನಲ್ಲಿ ಮತ್ತೆ ಕೂತು ತಿಂದು ವಾಪಸ್ ಕಾರಿಗೆ ಬಂದರೆ ಬೆನ್ನಿಗೆ ಬಿಡುವು ಸಿಕ್ಕ ಹಾಗಲ್ಲ. ಐದು ನಿಮಿಷ ನಡೆಯಿರಿ. ಎರಡೂ ಕೈ ಸೊಂಟದ ಮೇಲಿಟ್ಟು ನಿಧಾನಕ್ಕೆ ಹಿಂದಕ್ಕೆ ಐದಾರು ಸಲ ಬಾಗಿ. ಕೂತು ಕೂತು ಮುಂದಕ್ಕೆ ಬಾಗಿದ ಬೆನ್ನನ್ನು ಇಳಿದ ಕೂಡಲೇ ಮತ್ತೆ ಮುಂದಕ್ಕೇ ಬಗ್ಗಿಸಿ ಕಾಲ ಬೆರಳು ಮುಟ್ಟಲು ಹೋಗಬೇಡಿ. ಹಿಮ್ಮಡಿ ಎತ್ತಿ ಇಳಿಸಿ. ಊರು ಮುಟ್ಟಿದ ಮೇಲೂ ಅಷ್ಟೇ, ಇಳಿದ ತಕ್ಷಣ ಡಿಕ್ಕಿಯಿಂದ ದೊಡ್ಡ ಸೂಟ್‌ಕೇಸ್ ಎತ್ತುವ ಬದಲು ಸ್ವಲ್ಪ ಓಡಾಡಿ ಬನ್ನಿ.

ಉಚ್ಚೆಗೆ ನಿಲ್ಲಿಸಬೇಕಾಗುತ್ತದೆ ಅಂತ ನೀರು ಕುಡಿಯದೆ ಕೂರುವವರು ನಮ್ಮಲ್ಲಿ ಜಾಸ್ತಿ. ಹಾಗೆ ಮಾಡಬೇಡಿ. ನಾಲ್ಕು ಗಂಟೆ ದಾಟಿದ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು, ವಿಮಾನ ಮಾತ್ರವಲ್ಲ, ಕಾರು ಬಸ್ಸು ರೈಲೂ ಸೇರಿ. ಆರೋಗ್ಯವಂತರಿಗೆ ಅಪಾಯ ಒಟ್ಟಾರೆ ಕಡಿಮೆಯೇ, ಹೆದರಬೇಕಾಗಿಲ್ಲ. ಆದರೆ ಪ್ರಯಾಣದ ನಂತರ ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ. ಜೊತೆಗೆ ಉಸಿರಾಟಕ್ಕೂ ತೊಂದರೆ ಅಂದರೆ ನೇರ ಆಸ್ಪತ್ರೆಗೆ.

ಹಳೇ ಕಾರಾದರೆ

ಇಷ್ಟೆಲ್ಲ ಮಾಡಿಯೂ ಒಂದೇ ಕಡೆ ನೋವು ಬರುತ್ತಿದೆ ಅಂದರೆ ಫೋಮ್ ಕುಸಿದಿರಬಹುದು. ಡ್ರೈವರ್ ಸೀಟಿನ ಎಡಕ್ಕೂ ಬಲಕ್ಕೂ ಮುಷ್ಟಿಯಿಂದ ಒತ್ತಿ ನೋಡಿ. ಹತ್ತಿ ಇಳಿಯುವಾಗ ಭಾರವೆಲ್ಲ ಬೀಳುವುದು ಬಾಗಿಲ ಕಡೆಗೆ, ಅಲ್ಲೇ ಮೊದಲು ಹಳ್ಳ ಬೀಳುವುದು. ಕುಶನ್ ಕೆಲಸದವರು ಎಲ್ಲ ಊರಲ್ಲೂ ಇದ್ದಾರೆ, ಬೆಂಗಳೂರಿನಲ್ಲಾದರೆ ಜೆಸಿ ರಸ್ತೆಯಲ್ಲಿ ಸಾಲು ಅಂಗಡಿಗಳೇ ಇವೆ. ಕವರ್ ಮೇಲೆ ಇನ್ನೊಂದು ಪದರ ಹಾಕುತ್ತೇವೆ ಅಂದರೆ ಒಪ್ಪಬೇಡಿ. ಕವರ್ ಬಿಚ್ಚಿ ಕುಸಿದ ಜಾಗಕ್ಕೆ 40 ಡೆನ್ಸಿಟಿಯ, ಅಂದರೆ ಒತ್ತಾದ ಫೋಮ್ ತುಂಬಿ ಮೊದಲಿನ ಎತ್ತರಕ್ಕೇ ತರಲು ಹೇಳಿ. ಸೀಟು ಹೊರಗೆ ತೆಗೆಯಬೇಕಾಗಿ ಬಂದರೆ ಅಡಿಯಲ್ಲಿ ಹಳದಿ ಸಾಕೆಟ್ ಇದೆಯಾ ನೋಡಿ, ಅದು ಏರ್‌ಬ್ಯಾಗಿನದು. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ವೈರ್ ಬಿಚ್ಚಿ, ಕೆಲವು ನಿಮಿಷ ಬಿಟ್ಟೇ ಅದನ್ನು ಮುಟ್ಟಬೇಕು. ಕೆಲಸದ ಹುಡುಗ 'ಏನೂ ಆಗಲ್ಲ ಸರ್' ಅಂದರೂ ಪಕ್ಕದಲ್ಲೇ ನಿಂತು ಮಾಡಿಸಿ.