ಅಟ್ಲಾಂಟಿಕ್ ಸಿಟಿಯಲ್ಲಿ ಗೆದ್ದರೆ ತೆರಿಗೆ ಯಾವ ರಾಜ್ಯಕ್ಕೆ? ಫಿಲಡೆಲ್ಫಿಯಾ ಕಡೆಗೆ ಹೊಸದಾಗಿ ಬಂದವರಿಗೆ

ಫಿಲಡೆಲ್ಫಿಯಾ ಸುತ್ತಮುತ್ತ ಮನೆ ಮಾಡಿದ ಕನ್ನಡದವರಿಗೆ ಯಾರಾದರೂ ಒಬ್ಬರು ಒಂದಲ್ಲ ಒಂದು ಶನಿವಾರ "ನಡೀರಿ, ಅಟ್ಲಾಂಟಿಕ್ ಸಿಟಿಗೆ ಹೋಗಿ ಬರೋಣ" ಅಂತ ಹೇಳಿಯೇ ಹೇಳುತ್ತಾರೆ. ದೂರ ಏನಿಲ್ಲ, ಫಿಲಡೆಲ್ಫಿಯಾ ಇರೋದು ಪೆನ್ಸಿಲ್ವೇನಿಯಾದಲ್ಲಿ, ಅಟ್ಲಾಂಟಿಕ್ ಸಿಟಿ ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ. ಸಮುದ್ರ ಇದೆ, ಬೋರ್ಡ್‌ವಾಕ್ ಇದೆ, ಊರಿಂದ ಅಪ್ಪ ಅಮ್ಮ ಬಂದಿದ್ದರೆ ಸುತ್ತಾಡಿಸೋಕೆ ಒಳ್ಳೆ ಜಾಗ. ಅಷ್ಟು ದೂರ ಹೋಗಿ ಕ್ಯಾಸಿನೋ ಒಳಗೆ ಇಣುಕದೆ ಬರೋಕಾಗುತ್ತಾ? ಸಾಮಾನ್ಯವಾಗಿ ಇಪ್ಪತ್ತೋ ನಲವತ್ತೋ ಡಾಲರ್ ಕಳೆದು ಈಚೆ ಬರುತ್ತೀರಿ, ಅಂಥವರು ಇದನ್ನು ಓದಬೇಕಿಲ್ಲ. ಅಪ್ಪಿತಪ್ಪಿ ಗೆದ್ದವರಿಗೆ ಇದು.

ನಾನು ಗೆದ್ದೆ. ಈ ದೇಶಕ್ಕೆ ಬಂದು ಎರಡನೇ ವರ್ಷ. ಸ್ಲಾಟ್ ಮೆಷಿನ್ ಮುಂದೆ ಕೂತು ಸುಮ್ನೆ ಗುಂಡಿ ಒತ್ತುತ್ತಿದ್ದೆ, 2,000 ಡಾಲರ್ ಹೊಡೆಯಿತು. ಸಿನಿಮಾದಲ್ಲಿ ನೋಡಿದ ಹಾಗೆ ನಾಣ್ಯ ಸುರಿಯುತ್ತೆ ಅಂದುಕೊಂಡಿದ್ದೆ. ಏನೂ ಸುರಿಯಲಿಲ್ಲ. ಮೆಷಿನ್ ನಿಂತೇ ಹೋಯಿತು, ತಲೆ ಮೇಲೆ ದೀಪ ಮಿಣಮಿಣ ಅಂತು, ಪರದೆ ಮೇಲೆ 'ಹ್ಯಾಂಡ್ ಪೇ' ಅಂತ ಬಂತು. ಏನೋ ಕೆಡಿಸಿಬಿಟ್ಟೆ ಅಂತ ಎದ್ದು ಜಾರಿಕೊಳ್ಳೋಕೆ ನೋಡಿದೆ. ಪಕ್ಕದ ಮೆಷಿನ್‌ನ ಅಜ್ಜಿ ತೋಳು ಹಿಡಿದು ಕೂರಿಸಿದರು. ಸ್ವಲ್ಪ ಹೊತ್ತಿಗೆ ಒಬ್ಬರು ಬಂದು ಡ್ರೈವಿಂಗ್ ಲೈಸೆನ್ಸ್ ಕೇಳಿದರು, ಸೋಶಿಯಲ್ ಸೆಕ್ಯೂರಿಟಿ ನಂಬರ್ ಬರೆದುಕೊಂಡರು, ಸಹಿ ಹಾಕಿಸಿಕೊಂಡರು, ಆಮೇಲೆ ನೂರರ ಇಪ್ಪತ್ತು ನೋಟುಗಳನ್ನು ಒಂದೊಂದಾಗಿ ನನ್ನ ಕೈಗೆ ಎಣಿಸಿಕೊಟ್ಟರು. ಜೊತೆಗೆ ಒಂದು ಚೀಟಿ. ನೋಟು ಜೇಬಿಗೆ ಹೋಯಿತು, ಚೀಟಿ ಕಾರಿನ ಗ್ಲೋವ್ ಬಾಕ್ಸ್‌ಗೆ.

ಆ ಚೀಟಿಯ ಹೆಸರು ಡಬ್ಲ್ಯೂ-2ಜಿ. ಸ್ಲಾಟ್‌ನಲ್ಲಿ ಒಂದೇ ಏಟಿಗೆ 1,200 ಡಾಲರ್ ಅಥವಾ ಜಾಸ್ತಿ ಬಂದರೆ ಇದನ್ನು ಕೊಡುತ್ತಿದ್ದರು, 2026ರಿಂದ ಆ ಮಿತಿ 2,000ಕ್ಕೆ ಏರಿದೆ.  ಚೀಟಿಯಲ್ಲಿ ನಾಲ್ಕು ಬಾಕ್ಸ್ ನೋಡಿಕೊಂಡರೆ ಸಾಕು: 1ರಲ್ಲಿ ಗೆದ್ದ ಮೊತ್ತ, 4ರಲ್ಲಿ ಫೆಡರಲ್ ತೆರಿಗೆ ಹಿಡಿದಿದ್ದರೆ ಅದು, 14ರಲ್ಲಿ ರಾಜ್ಯದ ಲೆಕ್ಕಕ್ಕೆ ಬರುವ ಗೆಲುವು, 15ರಲ್ಲಿ ರಾಜ್ಯ ಹಿಡಿದ ತೆರಿಗೆ. ಒಂದು ಪ್ರತಿ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೂ ಹೋಗಿರುತ್ತದೆ, ಅದನ್ನು ಮರೆಯಬೇಡಿ. ಚೀಟಿ ಕೊಡದಷ್ಟು ಸಣ್ಣ ಗೆಲುವಾದರೆ ತೆರಿಗೆ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. 300 ಗೆದ್ದರೂ ಆದಾಯವೇ, ಫೆಡರಲ್ ರಿಟರ್ನ್‌ನ ಷೆಡ್ಯೂಲ್ 1ರ 8ಬಿ ಸಾಲಿಗೆ ಬರಬೇಕು.

ನಮ್ಮವರು ಎಡವುವುದಕ್ಕೆ ಊರಿನ ಅಭ್ಯಾಸವೂ ಒಂದು ಕಾರಣ. ಇಂಡಿಯಾದಲ್ಲಿ ಲಾಟರಿಯೋ ಟಿವಿ ಕ್ವಿಜ್ಜೋ ಗೆದ್ದರೆ ಕೊಡುವವರೇ 30% ಟಿಡಿಎಸ್ ಮುರಿದುಕೊಂಡು ಉಳಿದದ್ದನ್ನು ಕೈಗಿಡುತ್ತಾರೆ. ಹಾಗಾಗಿ ಕೈಗೆ ಬಂದ ದುಡ್ಡು ತೆರಿಗೆ ಕಳೆದು ಬಂದದ್ದು ಅನ್ನೋ ಭಾವನೆ ನಮಗೆ. ಇಲ್ಲಿ ಸ್ಲಾಟ್‌ನ 2,000 ಪೂರ್ತಿ ಕೈಗೆ ಬರುತ್ತದೆ, ಲೆಕ್ಕ ಆಮೇಲೆ.

ಈಗ ನಾನು ಕೆಟ್ಟ ಕತೆ. ಮಾರ್ಚ್‌ನಲ್ಲಿ ಕಾರು ಕ್ಲೀನ್ ಮಾಡುವಾಗ ಚೀಟಿ ಸಿಕ್ಕಿತು. ಫೆಡರಲ್ ರಿಟರ್ನ್‌ನಲ್ಲಿ ತೋರಿಸಿದೆ, ಪೆನ್ಸಿಲ್ವೇನಿಯಾ ರಿಟರ್ನ್‌ನಲ್ಲೂ ತೋರಿಸಿ 3.07% ಅಂದರೆ 61 ಡಾಲರ್ ಚಿಲ್ಲರೆ ಕಟ್ಟಿದೆ. ನ್ಯೂಜೆರ್ಸಿಗೂ ಫೈಲ್ ಮಾಡಬೇಕಾ ಅಂತ ಪರಿಚಯದವರೊಬ್ಬರನ್ನು ಕೇಳಿದೆ. "ಎರಡು ರಾಜ್ಯದ ಮಧ್ಯೆ ಒಪ್ಪಂದ ಇದೆಯಲ್ಲಪ್ಪ, ಬೇಡ" ಅಂದರು. ಒಪ್ಪಂದ ಇರೋದು ನಿಜ. ಮನೆ ಇಲ್ಲಿ, ಆಫೀಸು ಅಲ್ಲಿ ಅಂತಿದ್ದರೆ ಎನ್‌ಜೆ-165 ಫಾರ್ಮು ತುಂಬಿ ಕಂಪನಿಗೆ ಕೊಡುತ್ತೀರಿ, ಆಮೇಲೆ ನಿಮ್ಮ ಸಂಬಳದಲ್ಲಿ ನ್ಯೂಜೆರ್ಸಿ ತೆರಿಗೆ ಹಿಡಿಯುವುದಿಲ್ಲ. ಆದರೆ ಆ ಒಪ್ಪಂದ ಸಂಬಳಕ್ಕೆ ಮಾತ್ರ. ಜೂಜಿನ ದುಡ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದು ನನಗೆ ಗೊತ್ತಾಗಿದ್ದು ಎರಡು ವರ್ಷದ ಮೇಲೆ, ತೆರಿಗೆ, ಬಡ್ಡಿ, ದಂಡ ಮೂರನ್ನೂ ಕೂಡಿಸಿದ ಕಾಗದ ಮನೆಗೆ ಬಂದಾಗ. ಅದನ್ನು ಕಟ್ಟಿ, ಆಮೇಲೆ ಇಲ್ಲಿ ಕಟ್ಟಿದ್ದ 61 ಡಾಲರ್ ವಾಪಸ್ ಪಡೆಯೋಕೆ ಹಳೇ ಪೆನ್ಸಿಲ್ವೇನಿಯಾ ರಿಟರ್ನನ್ನು ತಿದ್ದಿ ಮತ್ತೆ ಹಾಕಿದೆ. ದುಡ್ಡಿಗಿಂತ ಆ ಓಡಾಟಕ್ಕೇ ಜಾಸ್ತಿ ಸಿಟ್ಟು ಬಂತು.

ಸರಿಯಾದ ದಾರಿ ಇದು. ಆಟ ಆಡಿದ ರಾಜ್ಯದ ರಿಟರ್ನ್ ಮೊದಲು, ಮನೆ ಇರುವ ರಾಜ್ಯದ್ದು ಆಮೇಲೆ. ಸಾಫ್ಟ್‌ವೇರ್‌ನಲ್ಲಿ ಮಾಡುವವರು ಇದನ್ನು ಉಲ್ಟಾ ಮಾಡಿದರೆ ಕ್ರೆಡಿಟ್ ಲೆಕ್ಕ, ಅಂದರೆ ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿಯ ತೆರಿಗೆಯಲ್ಲಿ ಕಳೆದುಕೊಳ್ಳುವ ಲೆಕ್ಕ ಕೆಡುತ್ತದೆ. ನ್ಯೂಜೆರ್ಸಿಗೆ ಹೊರರಾಜ್ಯದವರ ರಿಟರ್ನ್ ಆದ ಎನ್‌ಜೆ-1040ಎನ್‌ಆರ್ ಹಾಕಬೇಕು. ಒಬ್ಬರೇ ಆದರೆ ಎಲ್ಲಾ ಕಡೆಯ ಆದಾಯ ಸೇರಿ 10,000 ಡಾಲರ್, ಗಂಡ ಹೆಂಡತಿ ಒಟ್ಟಿಗೆ ಆದರೆ 20,000 ದಾಟಿದ್ದರೆ ಫೈಲ್ ಮಾಡಲೇಬೇಕು, ಕೆಲಸದಲ್ಲಿರುವವರೆಲ್ಲ ದಾಟಿರುತ್ತಾರೆ. ಅವರು ಲೆಕ್ಕ ಹಾಕುವ ರೀತಿ ಸ್ವಲ್ಪ ಜಾಣತನದ್ದು: ನಿಮ್ಮ ಇಡೀ ಆದಾಯ ನ್ಯೂಜೆರ್ಸಿಯದ್ದೇ ಆಗಿದ್ದರೆ ಎಷ್ಟು ತೆರಿಗೆ ಬರುತ್ತಿತ್ತೋ ಅದನ್ನು ಹಿಡಿದು, ಅದರಲ್ಲಿ ಜೂಜಿನ ದುಡ್ಡಿನ ಪಾಲೆಷ್ಟೋ ಅಷ್ಟನ್ನು ಕೇಳುತ್ತಾರೆ. ಸಂಬಳ 88,000 ಇರುವ ಒಂಟಿ ಮನುಷ್ಯ ಅಂತಿಟ್ಟುಕೊಳ್ಳಿ. 2,000ದ ಗೆಲುವಿಗೆ ಸುಮಾರು 4%, ಅಂದರೆ 80 ಡಾಲರ್ ಆಸುಪಾಸು. ಪೆನ್ಸಿಲ್ವೇನಿಯಾ ಅದೇ ದುಡ್ಡಿಗೆ 61.40 ಕೇಳುತ್ತದೆ. ಎರಡರಲ್ಲಿ ಯಾವುದು ಕಮ್ಮಿಯೋ ಅಷ್ಟಕ್ಕೆ ಮಾತ್ರ ಕ್ರೆಡಿಟ್. ಹಾಗಾಗಿ ಇಲ್ಲಿ ಸೊನ್ನೆ, ಅಲ್ಲಿ 80. ಮಿಕ್ಕ ಹದಿನೆಂಟು ಚಿಲ್ಲರೆ ಹೋಯಿತು ಅಂತಲೇ ಲೆಕ್ಕ. ಪೆನ್ಸಿಲ್ವೇನಿಯಾ ರಿಟರ್ನ್‌ನಲ್ಲಿ ಗೆಲುವನ್ನು ಬರೆಯೋಕೆ ಷೆಡ್ಯೂಲ್ ಟಿ, ಕ್ರೆಡಿಟ್ ಕೇಳೋಕೆ ಷೆಡ್ಯೂಲ್ ಜಿ-ಎಲ್, ಅದರ ಜೊತೆ ನ್ಯೂಜೆರ್ಸಿ ರಿಟರ್ನ್‌ನ ನಕಲು ಲಗತ್ತಿಸಬೇಕು. ಒಂದು ಸಮಾಧಾನ, ನಮ್ಮ ಟೌನ್‌ಶಿಪ್‌ಗೆ ಕಟ್ಟುವ ಲೋಕಲ್ ತೆರಿಗೆ ದುಡಿದ ದುಡ್ಡಿಗೆ ಮಾತ್ರ, ಜೂಜಿಗಿಲ್ಲ.

ನ್ಯೂಜೆರ್ಸಿಯ ಎಡಿಸನ್ ಕಡೆಯವರು ಇತ್ತ ಪೆನ್ಸಿಲ್ವೇನಿಯಾದ ಬೆನ್ಸೇಲಮ್‌ಗೋ ಪೊಕೊನೋಸ್‌ಗೋ ಬಂದು ಗೆದ್ದರೆ ಇದೇ ಕತೆ ತಿರುಗುಮುರುಗು. ಲಾಟರಿ ಟಿಕೆಟ್ ಮಾತ್ರ ಬೇರೆ. ನ್ಯೂಜೆರ್ಸಿ ಲಾಟರಿಯಲ್ಲಿ 10,000 ಡಾಲರ್ ತನಕದ ಬಹುಮಾನಕ್ಕೆ ಆ ರಾಜ್ಯ ತೆರಿಗೆ ಕೇಳುವುದಿಲ್ಲ, ಆದರೆ ಪೆನ್ಸಿಲ್ವೇನಿಯಾದಲ್ಲಿ ಮನೆ ಇರುವವರು ಇಲ್ಲಿ ಕಟ್ಟಬೇಕು. ಲಾಸ್ ವೇಗಸ್ ಕೂಡ ಹಾಗೇ. ನೆವಾಡಾಗೆ ಆದಾಯ ತೆರಿಗೆಯೇ ಇಲ್ಲ, ಅಲ್ಲಿ ರಿಟರ್ನ್ ಬೇಡ, ಅದಕ್ಕೇ ಜನ ಖುಷಿಯಾಗಿ ಮರೆತುಬಿಡುತ್ತಾರೆ. ಮನೆ ಇರುವ ರಾಜ್ಯ ಮರೆಯುವುದಿಲ್ಲ. ಅಲ್ಲಿ ಏನೂ ಕಟ್ಟಿಲ್ಲವಾದ್ದರಿಂದ ಇಲ್ಲಿ ಕ್ರೆಡಿಟ್ಟೂ ಇಲ್ಲ, ಪೂರ್ತಿ ಕಟ್ಟಬೇಕು.

ರಾಜ್ಯ ರಾಜ್ಯಕ್ಕೆ ನಿಯಮ ಬೇರೆ, ಅದೇ ತಲೆನೋವು. ಕನೆಕ್ಟಿಕಟ್‌ನ ಮೊಹೀಗನ್ ಸನ್‌ಗೋ ಫಾಕ್ಸ್‌ವುಡ್ಸ್‌ಗೋ ಹೋದ ಹೊರಗಿನವರಿಂದ ಆ ರಾಜ್ಯ ಕ್ಯಾಸಿನೋ ಗೆಲುವಿಗೆ ತೆರಿಗೆ ಕೇಳುವುದಿಲ್ಲ. ಮಿಸಿಸಿಪ್ಪಿಯಲ್ಲಿ ಕ್ಯಾಸಿನೋದವರೇ 3% ಮುರಿದುಕೊಳ್ಳುತ್ತಾರೆ, ಅದು ವಾಪಸ್ ಬರುವುದಿಲ್ಲ, ಅಲ್ಲಿಗೆ ಮುಗಿಯಿತು. ಶಿಕಾಗೋ ಕನ್ನಡಿಗರು ಹ್ಯಾಮಂಡ್‌ಗೆ ಹೋಗಿ ಗೆದ್ದರೆ ಇಂಡಿಯಾನಾಗೆ ಐಟಿ-40ಪಿಎನ್‌ಆರ್ ಹಾಕಬೇಕು. ಟೆಕ್ಸಸ್‌ನವರು ನಮಗೇನು, ನಮ್ಮಲ್ಲಿ ತೆರಿಗೆಯೇ ಇಲ್ಲ ಅನ್ನುತ್ತಾರೆ. ಹ್ಯೂಸ್ಟನ್‌ನಿಂದ ಲೇಕ್ ಚಾರ್ಲ್ಸ್‌ಗೆ ಹೋಗಿ ಗೆದ್ದಿದ್ದರೆ ಲೂಯಿಸಿಯಾನಾ ಬಿಡುವುದಿಲ್ಲ.

ಸೋತದ್ದನ್ನು ಕಳೆಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಫೆಡರಲ್‌ನಲ್ಲಿ ಐಟಮೈಸ್ ಮಾಡಿದರೆ, ಅಂದರೆ ಕಳೆಯುವ ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರೆ ಮಾತ್ರ, ಅದೂ ಗೆದ್ದಷ್ಟರ ಒಳಗೆ. 2025ರಲ್ಲಿ ಪಟ್ಟಿ ಇಲ್ಲದೆ ಎಲ್ಲರಿಗೂ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ನೇ ಒಬ್ಬರಿಗೆ 15,750, ದಂಪತಿಗೆ 31,500 ಇರುವಾಗ ಬಾಡಿಗೆ ಮನೆಯಲ್ಲಿರುವ ಹೊಸಬರು ಯಾರು ಐಟಮೈಸ್ ಮಾಡುತ್ತಾರೆ? 2025ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ 2026ರಿಂದ ಸೋಲಿನ 90% ಮಾತ್ರ ಕಳೆಯೋಕೆ ಬಿಡುತ್ತಾರೆ. ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ ಈ ವಿಷಯದಲ್ಲಿ ವಾಸಿ, ಅದೇ ವರ್ಷದ ಸೋಲನ್ನು ಗೆಲುವಿನಿಂದ ಕಳೆಯಬಹುದು, ಐಟಮೈಸ್ ಗೋಜಿಲ್ಲ. ಇಲಿನಾಯ್ ಒಂದು ಪೈಸೆಯೂ ಬಿಡುವುದಿಲ್ಲ. ಎಲ್ಲೇ ಆದರೂ ಪುರಾವೆ ಬೇಕು. ಪ್ಲೇಯರ್ಸ್ ಕಾರ್ಡ್ ಹಾಕಿ ಆಡಿದ್ದರೆ ಕ್ಯಾಸಿನೋದಿಂದ ವರ್ಷದ ಸೋಲು ಗೆಲುವಿನ ಪಟ್ಟಿ ತರಿಸಿಕೊಳ್ಳಬಹುದು. ನಾನು ಫೋನಿನಲ್ಲೇ ತಾರೀಕು, ಜಾಗ, ಆಟ, ಹೋದದ್ದು, ಬಂದದ್ದು ಅಂತ ಬರೆದಿಡುತ್ತೇನೆ. ನನ್ನ ಹೆಂಡತಿ ಅದನ್ನು ನೋಡಿ ನಕ್ಕಳು, 'ಬಂದದ್ದು' ಕಾಲಂ ಪೂರ್ತಿ ಖಾಲಿ ಇತ್ತು.

ಎಫ್-1 ವೀಸಾದಲ್ಲಿ ಓದೋಕೆ ಬಂದ ಮಕ್ಕಳು ಇದನ್ನು ಗಮನಿಸಿ. ಮೊದಲ ಐದು ಕ್ಯಾಲೆಂಡರ್ ವರ್ಷ ನೀವು ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳು, ಅವರಿಗಿರುವ ಫೆಡರಲ್ ರಿಟರ್ನ್ 1040-ಎನ್‌ಆರ್ ಹಾಕುವವರು. ಸ್ಲಾಟ್ ಗೆಲುವಿಗೆ ನೇರ 30%, ಸೋತದ್ದನ್ನು ಕಳೆಯೋಕೆ ಬಿಡುವುದಿಲ್ಲ. ಸೀನಿಯರ್ ಒಬ್ಬ ಟರ್ಬೋಟ್ಯಾಕ್ಸ್ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದ ಅಂತ ನೀವೂ ಮಾಡಬೇಡಿ, ಅದರಲ್ಲಿ 1040-ಎನ್‌ಆರ್ ಬರುವುದೇ ಇಲ್ಲ. ಎಚ್-1ಬಿ ಕೆಲಸದ ವೀಸಾ ಮೇಲೆ ಅಕ್ಟೋಬರ್‌ನಲ್ಲಿ ಇಳಿದವರೂ ಆ ವರ್ಷ ನಿವಾಸಿ ಅನ್ನಿಸಿಕೊಳ್ಳೋಕೆ ಬೇಕಾದ 183 ದಿನದ ಲೆಕ್ಕ ಮುಟ್ಟುವುದಿಲ್ಲ, ಸಾಮಾನ್ಯವಾಗಿ ಅವರದ್ದೂ ಇದೇ ಪಾಡು.

ವಿಸಿಟರ್ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರಿಗೂ ಇದೇ ನಿಯಮ. ನಮ್ಮ ಮಾವನವರು ಮಂಡ್ಯ ಕಡೆಯವರು, ಯುಗಾದಿಯ ಹೊಸತೊಡಕಿಗೆ ಇಸ್ಪೀಟು ಎಲೆ ಹಿಡಿಯದೆ ಇದ್ದ ವರ್ಷವೇ ಇಲ್ಲ ಅನ್ನುವವರು. ಅಟ್ಲಾಂಟಿಕ್ ಸಿಟಿಗೆ ಕರೆದುಕೊಂಡು ಹೋದೆ. ಸ್ಲಾಟ್‌ನಲ್ಲಿ 1,400 ಬಂತು. ಪಾಸ್‌ಪೋರ್ಟ್ ನೋಡಿ 420 ಹಿಡಿದುಕೊಂಡು 980 ಕೊಟ್ಟರು, ಡಬ್ಲ್ಯೂ-2ಜಿ ಬದಲು 1042-ಎಸ್ ಅನ್ನೋ ಕಾಗದ. ಇಂಡಿಯಾ ಜೊತೆಗಿನ ತೆರಿಗೆ ಒಪ್ಪಂದ ಇದಕ್ಕೆ ಸಹಾಯಕ್ಕೆ ಬರುವುದಿಲ್ಲ, ಆ 420 ಹೋದ ಹಾಗೆಯೇ. ಮಾವನವರಿಗೆ ತಡೆಯೋಕಾಗಲಿಲ್ಲ. ಯಾವುದಕ್ಕೂ ಬಿಡಲ್ವಾ ಇವರು ಅಂತ ದಾರಿಯುದ್ದ ಕೇಳಿದರು. ಬ್ಲ್ಯಾಕ್‌ಜ್ಯಾಕ್, ಬ್ಯಾಕರಾ, ಕ್ರ್ಯಾಪ್ಸ್, ರೂಲೆಟ್ ಮೇಜಿನ ಗೆಲುವಿಗೆ ಅನಿವಾಸಿಗಳಿಗೆ ಫೆಡರಲ್ ತೆರಿಗೆ ಇಲ್ಲ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಮುಂದಿನ ಸಲ ಬಂದಾಗ ಸಮುದ್ರದ ಕಡೆ ತಿರುಗಿಯೂ ನೋಡದೆ ನೇರ ಬ್ಲ್ಯಾಕ್‌ಜ್ಯಾಕ್ ಮೇಜಿಗೆ ಹೋಗಿ ಕೂತರು. ಅರ್ಧ ಗಂಟೆಗೆ 60 ಡಾಲರ್ ಕಳೆದು ಎದ್ದು ಬಂದರು. "ಅಳಿಯಂದ್ರೇ, ಇದಕ್ಕೆ ಟ್ಯಾಕ್ಸ್ ಇಲ್ಲ ಅಲ್ವಾ?"