ಪಡಸಾಲೆಯ ಫರಸಿ ಕೆಳಗೆ ಸಿಕ್ಕ ಹಗೇವು: ನನ್ನ ಅನುಭವ

ಎಳ್ಳಮಾವಾಸ್ಯೆಗೆ ನಾಲ್ಕು ದಿನ ಮೊದಲು ಹಗೇವಿನ, ಅಂದರೆ ನೆಲದೊಳಗೆ ತೋಡಿದ ಕಾಳಿನ ಕಣಜದ, ಬಾಯಿ ತೆಗೆದೆವು. ಕಾಕಾ ಒಂದು ಹಿಡಿ ಜೋಳ ಎತ್ತಿಕೊಂಡು, ಊದಿ, ಒಂದು ಕಾಳನ್ನು ಹಲ್ಲಿಗೆ ಹಾಕಿದರು. ಕಟಕ್ ಅಂತು. ಅಂಗೈ ಮೇಲೆ ಉಳಿದಿದ್ದನ್ನು ಬೆರಳಿನಿಂದ ಕೆದಕಿ ನುಸಿ ಹುಡುಕಿದರು. ಒಂದೆರಡು ಇದ್ದವು, ಸತ್ತು ಒಣಗಿದ್ದವು. ಮೂರು ವರ್ಷದಿಂದ ‘ತಮ್ಮಾ, ಛಲೋ ಜೋಳ ಮಣ್ಣಾಗ ಹುಗದು ಹಾಳ ಮಾಡಾಕತ್ತಿ’ ಅಂತ ಕೂತಲ್ಲಿ ನಿಂತಲ್ಲಿ ಹೇಳುತ್ತಿದ್ದವರು ಅವರೇ. ಆವತ್ತು ಮಾತಾಡದೆ ಚೀಲದ ಬಾಯಿ ಹಿಡಿದು ನಿಂತರು. ನನಗೆ ಅಷ್ಟು ಸಾಕಾಗಿತ್ತು.

ಇದರ ಮೂಲ ಗೋಡೆಯಲ್ಲಿತ್ತು. ನಮ್ಮದು ಗದಗ ಕಡೆಯ ಹಳೇ ಮಾಳಿಗೆ ಮನೆ, ಗೋಡೆ ಮೂರಡಿ ದಪ್ಪ. ವೈರಿಂಗ್ ಮಾಡಿಸಲು ಕೊರೆಯುತ್ತಿದ್ದಾಗ ದೇವರ ಕೋಣೆಯ ಪಕ್ಕ ಉಳಿ ಏಕಾಏಕಿ ಒಳಗೆ ಹೋಯಿತು. ಗಿಲಾವು ಬಿಡಿಸಿದರೆ ಒಂದು ಮಣ್ಣಿನ ಮಗಿ, ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಮಣ್ಣು ಮೆತ್ತಿದ್ದು. ಬಂಗಾರ ಅಂದುಕೊಂಡು ಎಲ್ಲರೂ ಓಡಿ ಬಂದರು. ಒಳಗಿದ್ದದ್ದು ಹಿಂದೆ ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಮೋಡಿ ಲಿಪಿಯ ಹಾಳೆಗಳು. ಅರ್ಧ ಗೆದ್ದಲು ತಿಂದಿತ್ತು. ನಿವೃತ್ತ ಮಾಸ್ತರರೊಬ್ಬರು ಎರಡು ದಿನ ಕೂತು ಓದಿದರು: ಯಾರಿಗೆ ಎಷ್ಟು ಜೋಳ ಲಾವಣಿ (ಗೇಣಿ) ಬಾಕಿ, ಯಾರು ಎಷ್ಟು ಹೇರು ತಂದು ಹಾಕಿದರು, ಅಷ್ಟೇ. ಆದರೆ ಒಂದು ಹಾಳೆಯಲ್ಲಿ ‘ಪಡಸಾಲಿ ಹಗೇವು’ ಅಂತ ಎರಡು ಕಡೆ ಇತ್ತು. ಮನೆಯ ಹೊರಗೆ, ಅಗಸಿ (ಊರಬಾಗಿಲು) ಹತ್ತಿರ ನಮ್ಮ ಮನೆತನದ ಹಗೇವು ಇತ್ತೆಂದು ಅವ್ವ ಹೇಳುತ್ತಿದ್ದಳು. ಪಡಸಾಲೆಯದು ಅವಳಿಗೂ ಗೊತ್ತಿರಲಿಲ್ಲ. ಸರಕಾರ ರೈತರಿಂದ ಕಡ್ಡಾಯವಾಗಿ ಕಾಳು ವಸೂಲಿ ಮಾಡುತ್ತಿದ್ದ ಲೆವಿ ಕಾಲದಲ್ಲಿ ಮನೆಯೊಳಗಿನ ಹಗೇವಿನ ಸುದ್ದಿಯನ್ನು ಗಂಡಸರು ಬಾಯಿ ಬಿಡುತ್ತಿರಲಿಲ್ಲ ಅಂತ ಅವಳ ಅಂದಾಜು.

ಹುಡುಕಿದ ಬಗೆ: ಮೊದಲು ಹಾರೆಯ ಹಿಂಬದಿಯಿಂದ ಒಂದೊಂದೇ ಫರಸಿ ಕುಟ್ಟಿದೆ. ಶಹಾಬಾದ ಕಲ್ಲು ಸರಿಯಾಗಿ ಕೂರದಿದ್ದರೂ ಟೊಳ್ಳು ಸದ್ದೇ ಬರುತ್ತದೆ, ಅದರಿಂದ ಮೋಸ ಹೋಗಿ ಎರಡು ಕಲ್ಲು ಸುಮ್ಮನೆ ಕಿತ್ತೆ. ಆಮೇಲೆ ಅವ್ವ ಹೇಳಿದಂತೆ ರಾತ್ರಿ ಊರು ಮಲಗಿದ ಮೇಲೆ ಒಬ್ಬರು ಒನಕೆ ಕುಟ್ಟುವುದು, ಇನ್ನೊಬ್ಬರು ತಂಬಿಗೆ ಬೋರಲು ಹಾಕಿ ಅದಕ್ಕೆ ಕಿವಿ ಹಚ್ಚುವುದು ಅಂತ ಮಾಡಿದೆವು. ತಲಬಾಗಿಲಿನಿಂದ ಐದು ಹೆಜ್ಜೆ ಒಳಗೆ, ಎಡಗಡೆ ಕಂಬದ ಬುಡದಲ್ಲಿ ಸದ್ದು ಬಾವಿಯೊಳಗಿಂದ ಬಂದಂತೆ ಬಂತು. ಫರಸಿ, ಅದರ ಕೆಳಗೆ ಒಂದು ಗೇಣು ಮಣ್ಣು, ಅದರ ಕೆಳಗೆ ಕಬ್ಬಿಣದ ಬಳೆ ಹಾಕಿದ ಬಂಡೆ.

ಬಂಡೆ ಸರಿಸಿದ ದಿನ ಯಾರನ್ನೂ ಹತ್ತಿರ ಬಿಡಲಿಲ್ಲ. ಇದನ್ನು ಎಲ್ಲರಿಗೂ ಗೊತ್ತಿದ್ದರೂ ಬರೆಯುತ್ತೇನೆ, ಯಾಕೆಂದರೆ ಅವ್ವ ಹುಡುಗಿಯಾಗಿದ್ದಾಗ ಅವರ ಓಣಿಯಲ್ಲಿ ಒಬ್ಬ ತಂದೆ ಹಗೇವಿಗೆ ಇಳಿದು ಮೇಲೆ ಬರಲಿಲ್ಲ, ಎತ್ತಲು ಹೋದ ಮಗನೂ ಬರಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಅವಳು ಝಳ ಅನ್ನುತ್ತಾಳೆ. ಕಂದೀಲು ಇಳಿಬಿಟ್ಟರೆ ಎರಡು ಮೊಳ ಹೋಗುವಷ್ಟರಲ್ಲಿ ಆರಿತು. ಒಂದು ರಾತ್ರಿ ತೆರೆದಿಟ್ಟೆ. ಮರುದಿನ ರಾಶಿ ತೂರುವ ಫ್ಯಾನಿಗೆ ತಾಡಪಾಲಿನ ಕೊಳವೆ ಹೊಲಿದು, ತುದಿ ತಳಕ್ಕೆ ಬಿಟ್ಟು ಎರಡು ತಾಸು ಗಾಳಿ ಹೊಡೆದೆ. ತಳದಲ್ಲಿ ದೀಪ ನಿಂತು ಉರಿದ ಮೇಲೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಇಬ್ಬರು ಗಟ್ಟಿ ಆಳು ನಿಂತ ಮೇಲೆಯೇ ಇಳಿದೆ. ಇವತ್ತಿಗೂ ಹಾಗೆಯೇ. ಒಬ್ಬನೇ ಇದ್ದಾಗ ಬಂಡೆ ಸರಿಸುವುದಿಲ್ಲ.

ತಳದಲ್ಲಿ ಒಂದು ಮೊಳದಷ್ಟು ಕಪ್ಪು ಪುಡಿ, ಮುಟ್ಟಿದರೆ ನಸ್ಯದ ಹಾಗೆ. ಅದು ಹಿಂದೊಮ್ಮೆ ಜೋಳ. ಪುಡಿ ಜರಡಿ ಹಿಡಿದಾಗ ಒಂದು ಹಿತ್ತಾಳೆ ಪಾವು, ಹಸಿರು ಬಳೆಚೂರು, ತಾಮ್ರದ ನಾಣ್ಯದ ಒಂದು ಗಡ್ಡೆ. ಪಾಚಿ ಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿದ್ದವು. ಬಿಡಿಸಲು ಬಂದ ಒಂದರ ಮೇಲೆ ಈಸ್ಟ್ ಇಂಡಿಯಾ ಕಂಪನಿ, ಕಾಲಾಣೆ, 1835 ಅಂತ ಓದಲು ಬಂತು. ಎಲ್ಲ ಸೇರಿ ನಲವತ್ತರ ಆಸುಪಾಸು. 1878ರ ನಿಧಿ ಕಾಯ್ದೆಯಲ್ಲಿ ಹತ್ತು ರೂಪಾಯಿ ಮೇಲಿನದು ನೆಲದಲ್ಲಿ ಹುದುಗಿದ್ದು ಸಿಕ್ಕರೂ ಬರೆದು ತಿಳಿಸಬೇಕು ಅಂತ ಇತ್ತು. ನಾನು ಅರ್ಜಿ ಬರೆದು ಕೊಟ್ಟೆ, ಪಂಚನಾಮೆ ಆಯಿತು, ಕೈ ತೊಳೆದುಕೊಂಡೆ. ಕಷ್ಟ ಬಂದದ್ದು ಆಮೇಲೆ. ‘ನಿಧಿ ಸಿಕ್ಕೈತಂತ’ ಅನ್ನುವ ಸುದ್ದಿಗೆ ಎಲ್ಲೆಲ್ಲಿಂದಲೋ ಜನ ಬಂದರು. ಅಮಾವಾಸ್ಯೆ ರಾತ್ರಿ ಪೂಜೆ ಹಾಕಿಸು, ಇನ್ನೂ ಎರಡಾಳು ಆಳ ತೋಡು, ಅರ್ಧ ನಮಗೆ ಕೊಡು ಅಂತ ಒಬ್ಬ ಬಂದು ಕಟ್ಟೆ ಮೇಲೆ ಕೂತ. ಅವ್ವ ಕಸಬರಿಗೆ ಹಿಡಿದು ಕಳಿಸಿದಳು. ಇಂಥವರ ಮಾತು ಕೇಳಿ ಎಷ್ಟು ಹಳೇ ಮನೆ, ಎಷ್ಟು ಹಾಳು ಗುಡಿ ಅಗೆದು ಕೆಡವಿದ್ದಾರೆ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ. ನಿಧಿ ನಮ್ಮ ಕಣ್ಣೆದುರಿಗೇ ಇತ್ತು: ಒಂಬತ್ತಡಿ ಆಳ, ಹೊಟ್ಟೆಯ ಹತ್ತಿರ ಆರೂವರೆ ಅಡಿ ಅಗಲ, ಮನುಷ್ಯ ಹೆಗಲು ಓರೆ ಮಾಡಿ ಇಳಿಯುವಷ್ಟು ಬಾಯಿ. ಗರಸಿನಲ್ಲಿ (ಗಟ್ಟಿ ಜಲ್ಲಿ ಮಣ್ಣಿನಲ್ಲಿ) ತೋಡಿದ್ದು, ಎಲ್ಲೂ ಒಂದು ಬಿರುಕಿಲ್ಲ. ಬಿರಿಯುವ ಕಪ್ಪು ಎರಿ ನೆಲವಾಗಿದ್ದರೆ ಇಷ್ಟು ವರ್ಷ ನಿಲ್ಲುತ್ತಿರಲಿಲ್ಲ. ನಮ್ಮೂರು ಗರಸಿನ ದಿಬ್ಬದ ಮೇಲೆ ಕೂತಿದೆ, ಹಳಬರು ಸುಮ್ಮನೆ ಅಲ್ಲಿ ಊರು ಕಟ್ಟಲಿಲ್ಲ.

ಅದನ್ನೇ ಮತ್ತೆ ಜೋಳಕ್ಕೆ ಬಳಸುತ್ತೇನೆ ಅಂದೆ. ಮನೆಯಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. ನನಗೆ ಮಾತ್ರ ಚೀಲಕ್ಕೆ ನುಸಿ ಸಾಯಿಸುವ ವಿಷದ ಗುಳಿಗೆ ಇಟ್ಟು, ಅದೇ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುವುದು ಸಾಕಾಗಿತ್ತು.

ಮೊದಲ ವರ್ಷ 24 ಚೀಲ ಹಾಕಿದೆ. ಕಸ ಬಳಿದು, ಸಗಣಿ ಸಾರಿಸಿ, ಹುಲ್ಲು ಹಾಸಿ ತುಂಬಿದ್ದು. ದೀಪಾವಳಿಗೆ ತೆಗೆದರೆ ಮುಗ್ಗಲು ವಾಸನೆ ಬೀದಿಗೆ ಹೊಡೆಯಿತು. ಪಶ್ಚಿಮದ ಕಡೆಯ ಏಳು ಚೀಲ ಹೆಂಟೆಗಟ್ಟಿತ್ತು. ದನಕ್ಕೂ ಹಾಕಲಿಲ್ಲ, ತಿಪ್ಪೆಗೆ ಸುರಿದೆ. ಕಮ್ಮಿ ಅಂದರೂ ಇಪ್ಪತ್ತು ಸಾವಿರ ಹೋಯಿತು. ಕಾರಣ ತಿಳಿಯಲು ತಿಂಗಳು ಹಿಡಿಯಿತು: ಹೊಸದಾಗಿ ಕಟ್ಟಿಸಿದ ಬಚ್ಚಲು ಆ ಗೋಡೆಯ ಆಚೆಗೇ ಇತ್ತು. ಹಳೇ ಬಚ್ಚಲು ಹಿತ್ತಲಿನ ಕೊನೆಯಲ್ಲಿ ಇದ್ದದ್ದು ಇದಕ್ಕೇ.

ಎರಡನೇ ವರ್ಷ ದೊಡ್ಡ ತಪ್ಪು ಮಾಡಿದೆ. ಬಚ್ಚಲ ನೀರು ಬೇರೆ ಕಡೆ ತಿರುಗಿಸಿದೆ, ಅದು ಸರಿ. ಜೊತೆಗೆ ಗವಂಡಿಯೊಬ್ಬರ ಮಾತು ಕೇಳಿ ಒಳಗೆಲ್ಲ ಸಿಮೆಂಟು ಗಿಲಾವು ಹೊಡೆಸಿದೆ. ಹದಿನೆಂಟು ಸಾವಿರ. ನೋಡಲು ತೊಟ್ಟಿಯ ಹಾಗೆ ನುಣ್ಣಗೆ. ಮಳೆಗಾಲ ಕಳೆದು ತೆಗೆದಾಗ ಗೋಡೆಗುಂಟ ನಾಲ್ಕು ಬೆರಳು ದಪ್ಪ ಜೋಳ ಕಪ್ಪಾಗಿ ಗೋಡೆಗೇ ಕಚ್ಚಿಕೊಂಡಿತ್ತು, ಸಿಮೆಂಟು ಬೆವತಿತ್ತು. 20 ಚೀಲದಲ್ಲಿ ಮೂರು ಚೀಲ ಹಾಳು. ಹೆಂಡತಿ ‘ಈ ವರ್ಷ ಬಂಡೆ ಮುಚ್ಚಿ ಮ್ಯಾಲೆ ಫರಸಿ ಹಾಕಸ್ರಿ’ ಅಂದಳು. ಆವತ್ತು ನಾನು ಅದಕ್ಕೆ ಒಪ್ಪಿಯೂ ಬಿಟ್ಟಿದ್ದೆ.

ಮತ್ತೆ ಮನಸ್ಸು ತಿರುಗಿಸಿದ್ದು ಒಂದು ಚೂರು ಮಣ್ಣು. ಸಿಮೆಂಟು ಒಡೆಸುವಾಗ ಹಿಂದಿನ ಹಳೇ ಮಣ್ಣಿನ ಮೆತ್ತಿಗೆಯ ಒಂದು ಹಕ್ಕಳೆ ಕೈಗೆ ಬಂತು. ಬೆಳಕಿಗೆ ಹಿಡಿದು ನೋಡಿದರೆ ಮೂರು ಪದರ, ಒಳಗಿನದು ಇಟ್ಟಂಗಿಯ ಹಾಗೆ ಕೆಂಪಗೆ ಸುಟ್ಟಿದೆ. ಅಂದರೆ ಮೆತ್ತಿದ ಮೇಲೆ ಒಳಗೆ ಬೆಂಕಿ ಹಾಕುತ್ತಿದ್ದರು. ನಾನೂ ಹಾಗೆಯೇ ಮಾಡಿದೆ. ಕೆಮ್ಮಣ್ಣು, ಸಗಣಿ, ಸಣ್ಣಗೆ ಕೊಚ್ಚಿದ ಗೋಧಿ ಹೊಟ್ಟು ತುಳಿದು ವಾರ ಕೊಳೆಸಿ ಮೂರು ಸಲ ಮೆತ್ತಿದ್ದು. ಒಣಗಿದ ಮೇಲೆ ಹತ್ತಿಕಟ್ಟಿಗೆ, ಕುಳ್ಳು ತುಂಬಿ ಸುಟ್ಟದ್ದು. ಬೆಳಕಿಂಡಿ ಎಲ್ಲ ತೆಗೆದರೂ ಮನೆ ಎರಡು ದಿನ ಹೊಗೆ. ಹೆಂಡತಿ ಮಕ್ಕಳನ್ನು ತವರಿಗೆ ಕಳಿಸಿದ್ದೆ. ಬೆಂಕಿ ಆರಿದ ಮೇಲೆ ಮೂರು ದಿನ ಬಿಟ್ಟು, ಫ್ಯಾನು ಹೊಡೆದು ಆಮೇಲೆ ಇಳಿದೆವು. ಹೊಗೆಯ ವಿಷ ದೀಪಕ್ಕೆ ಗೊತ್ತಾಗುವುದಿಲ್ಲ, ದೀಪ ನಂಬಿ ಅವಸರ ಮಾಡಬೇಡಿ. ಮೆತ್ತಿಗೆಯ ಕೊನೇ ಪದರಕ್ಕೂ, ಬಂಡೆಯ ಸುತ್ತ ಬಾಯಿ ಮುಚ್ಚುವ ಮಣ್ಣಿಗೂ ಇನ್ನೊಂದು ವಸ್ತು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಕಳೆದುಕೊಂಡು ಕಲಿತದ್ದು, ಬಂದು ಕೇಳಿದವರಿಗೆ ಕೈಯಲ್ಲಿ ಹಿಡಿಸಿ ತೋರಿಸುತ್ತೇನೆ.

ಜೋಳ ಮಾತ್ರ ಮುಲಾಜಿಲ್ಲದೆ ಒಣಗಬೇಕು. ತೇವಾಂಶದ ಮೀಟರಿನಲ್ಲಿ ಶೇಕಡಾ ಹನ್ನೊಂದಕ್ಕೆ ಇಳಿಯುವವರೆಗೆ ಮಾಳಿಗೆ ಮೇಲೆ ಬಿಟ್ಟಿದ್ದೆ, ಬೆಳಗಿನ ಇಬ್ಬನಿ ಆರುವ ಮುಂಚೆ ತುಂಬಲಿಲ್ಲ. ತಳಕ್ಕೆ ಜೋಳದ ಕಣಿಕೆ ಒಂದು ಮೊಳ, ಗೋಡೆಗುಂಟ ಹುಲ್ಲು, ಬೇವಿನ ಸೊಪ್ಪು. ಕುತ್ತಿಗೆಯವರೆಗೆ ಒತ್ತಿ ತುಂಬಿದೆ. ಅರ್ಧ ತುಂಬಿದ ಹಗೇವಿನಲ್ಲಿ ಗಾಳಿ ಜಾಸ್ತಿ ಉಳಿದು ನುಸಿ ಬೇಗ ಸಾಯುವುದಿಲ್ಲ ಅನ್ನುವುದು ಮೊದಲಿನ ಎರಡೂ ವರ್ಷ ನನಗೆ ಹೊಳೆದಿರಲಿಲ್ಲ.

ನಡುವೆ ಕೆಲವು ಪರೀಕ್ಷೆ ಮಾಡಿದ್ದೇನೆ. ಒಂದು ಗಡಿಗೆಯಲ್ಲಿ ಕಡಲೆ, ಇನ್ನೊಂದರಲ್ಲಿ ಶೇಂಗಾ ತುಂಬಿ ಬಾಯಿ ಮೆತ್ತಿ ಜೋಳದ ನಡುವೆ ಹುಗಿದಿದ್ದೆ. ಕಡಲೆ ಹೊಸದರಂತೆ ಬಂತು. ಶೇಂಗಾ ಕಮಟು ಹಿಡಿಯಿತು. ಹಗೇವಿನ ಜೋಳ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ, ಮೂವತ್ತು ಚಿಲ್ಲರೆ ಮೊಳೆತವು. ಬಿತ್ತನೆಗೆ ಬೇರೆ ಇಟ್ಟುಕೊಳ್ಳಬೇಕು. ನಮ್ಮ ಅಜ್ಜಂದಿರು ತೆನೆಗಳನ್ನೇ ಜಂತಿಗೆ ತೂಗು ಹಾಕುತ್ತಿದ್ದರು.

ಮೂರನೇ ವರ್ಷ ಹಾಕಿದ್ದು 30 ಚೀಲ. ಬಾಯಿ ಹತ್ತಿರದ ಅರ್ಧ ಚೀಲ ಬಣ್ಣಗೆಟ್ಟಿತ್ತು, ಅದು ಎಮ್ಮೆಗೆ ಹೋಯಿತು. ಮನೆಗೆ 12 ಇಟ್ಟುಕೊಂಡು ಉಳಿದದ್ದು ಮಾರಿದೆ. ಸುಗ್ಗಿಯಲ್ಲಿ ಕ್ವಿಂಟಲ್‌ಗೆ ಮೂರು ಸಾವಿರ ಇದ್ದದ್ದು ಆಗ ನಾಲ್ಕು ಸಾವಿರದ ಇನ್ನೂರು. ಇಪ್ಪತ್ತು ಸಾವಿರ ಜಾಸ್ತಿ ಬಂತು. ಕಳೆದುಕೊಂಡದ್ದೆಲ್ಲ ಕೂಡಿಸಿದರೆ ಇನ್ನೂ ಮೂವತ್ತು ಸಾವಿರ ಬಾಕಿ ಇದೆ. ರೊಟ್ಟಿಗೆ ಒಂದು ಸಣ್ಣ ಮಣ್ಣಿನ ವಾಸನೆ ಇರುತ್ತದೆ, ಹಿಟ್ಟು ಬೀಸುವ ಮುಂಚೆ ಎರಡು ದಿನ ಬಿಸಿಲಿಗೆ ಹರವಿದರೆ ಹೋಗುತ್ತದೆ. ಅವ್ವ ಮಾತ್ರ ಹರವದೇ ಇರೋ ಜೋಳದ ರೊಟ್ಟಿಯೇ ಬೇಕು ಅಂತಾಳೆ.

ಈ ಸಲ ಪೂರಾ ತುಂಬಿದೆ, 32 ಚೀಲ ಹಿಡಿಯಿತು. ಎರಡು ಚೀಲ ಕಾಕಾನದು. ಯುಗಾದಿಯಾದ ಎಂಟನೇ ದಿನ ಬಾಯಿ ಮೆತ್ತಿ, ಮೇಲೆ ಫರಸಿ ಹಾಕದೆ ಹಾಗೆಯೇ ಬಿಟ್ಟಿದ್ದೇನೆ. ಮಣ್ಣು ಎಲ್ಲಾದರೂ ಸೀಳಿದೆಯಾ ಅಂತ ದಿನಾ ಬೆಳಿಗ್ಗೆ ಕಾಕಾ ಬಂದು ಕೈಯಾಡಿಸಿ ನೋಡಿ ಹೋಗುತ್ತಾರೆ.